ಮನೆತನದ ಹೆಸರು ಕಡ್ಡಾಯ: ಗಣಕದ ನೌಕರ ದಾಖಲೆಯಲ್ಲಿ ಕನ್ನಡ ವ್ಯಕ್ತಿನಾಮ

ಶಾಸನ, ಕಡತ, ಕೈಫಿಯತ್ತು, ಬಖೈರುಗಳನ್ನು ಆಕರವೆಂದು ಒಪ್ಪಿಕೊಂಡ ಕನ್ನಡ ಸಂಶೋಧನೆ ನೌಕರನ ಸೇವಾ ದಾಖಲೆಯ ಕಡೆಗೆ ಅಷ್ಟಾಗಿ ನೋಡಿಲ್ಲ. ಅದು ಆಡಳಿತದ ವಿಷಯ, ಗುಮಾಸ್ತರ ಕೆಲಸ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು. ಆದರೆ ಕನ್ನಡಿಗನೊಬ್ಬನ ಹೆಸರು ಅಧಿಕೃತವಾಗಿ ಹೇಗೆ ಬರೆಯಲ್ಪಡಬೇಕು ಎಂಬುದನ್ನು ಇಂದು ನಿರ್ಧರಿಸುತ್ತಿರುವುದು ನಿಘಂಟೂ ಅಲ್ಲ, ವ್ಯಾಕರಣವೂ ಅಲ್ಲ. ಅವನ ದಾಖಲೆಯನ್ನು ಸೃಷ್ಟಿಸುವ ತಂತ್ರಾಂಶ. ನಾಮವಿಜ್ಞಾನವನ್ನು ಒಂದು ಜ್ಞಾನಶಾಖೆಯಾಗಿ ಬೆಳೆಸಿದ ಭಾಷೆಗೆ ಇದು ಹೊರಗಿನ ಸಂಗತಿಯಾಗಿ ಉಳಿಯಲಾರದು.

ಒಂದು ಗಣಕ ವ್ಯವಸ್ಥೆ ಇನ್ನೊಂದು ಗಣಕ ವ್ಯವಸ್ಥೆಗೆ ನಿಗದಿತ ರೂಪದಲ್ಲಿ ಮಾಹಿತಿಯನ್ನು ಕಳುಹಿಸಿ, ಅಲ್ಲಿ ಒಂದು ಕೆಲಸವನ್ನು ಮಾಡಿಸುವ ದಾರಿಗೆ ಎಪಿಐ ಎಂದು ಹೆಸರು. ಎರಡು ಕಚೇರಿಗಳ ನಡುವೆ ಗುಮಾಸ್ತನಿಲ್ಲದೆ ಓಡಾಡುವ ನಮೂನೆ ಅರ್ಜಿ ಎಂದು ಅದನ್ನು ತಿಳಿಯಬಹುದು. ಹೊಸ ನೌಕರನೊಬ್ಬ ಸೇರಿದಾಗ ಅವನ ಹೆಸರು, ಹುಟ್ಟಿದ ದಿನಾಂಕ, ಹುದ್ದೆ, ಸೇರಿದ ದಿನಗಳನ್ನು ಒಂದು ಕಡೆ ತುಂಬಿದರೆ ಸಂಬಳ, ಹಾಜರಾತಿ, ವಿಮೆ, ಪಿಂಚಣಿಗಳ ವ್ಯವಸ್ಥೆಗಳಿಗೆ ಅದು ಈ ದಾರಿಯಲ್ಲಿ ಹೋಗಿ, ಅಲ್ಲಲ್ಲಿ ಅವನ ದಾಖಲೆ ತಾನಾಗಿಯೇ ಹುಟ್ಟುತ್ತದೆ. ನಮೂನೆಯಲ್ಲಿ ಕಡ್ಡಾಯವೆಂದು ಗುರುತಿಸಿದ ಅಂಕಣವೊಂದು ಖಾಲಿ ಉಳಿದರೆ ಅರ್ಜಿ ಮರಳಿ ಬರುತ್ತದೆ. ದಾಖಲೆ ಹುಟ್ಟುವುದೇ ಇಲ್ಲ. ಕರ್ನಾಟಕದ ಸರ್ಕಾರಿ ನೌಕರರ ಸಂಬಳದ ಬಿಲ್ಲುಗಳು ಎಚ್.ಆರ್.ಎಂ.ಎಸ್. ಎಂದು ಕರೆಯುವ ವ್ಯವಸ್ಥೆಯಲ್ಲಿ ಸಿದ್ಧವಾಗಿ ಖಜಾನೆ-2ಕ್ಕೆ ಹೋಗುತ್ತವೆ. ಅಲ್ಲಿ ನೌಕರನ ಗುರುತು ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಕೊಟ್ಟ ಕೆ.ಜಿ.ಐ.ಡಿ. ಸಂಖ್ಯೆ. 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದವರ ಪಿಂಚಣಿ ಖಾತೆ ರಾಜ್ಯದ ಹೊರಗಿನ ಕೇಂದ್ರೀಯ ದಾಖಲೆ ಸಂಸ್ಥೆಯಲ್ಲಿರುತ್ತದೆ. ಆ ಖಾತೆಯ ನೋಂದಣಿ ನಮೂನೆ ಹೆಸರನ್ನು ಮೂರು ತುಂಡುಗಳಾಗಿ ಕೇಳುತ್ತದೆ: ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ಪ್ಯಾನ್ ಸಂಖ್ಯೆಗಾಗಿ ಬಹುಕಾಲ ಬಳಕೆಯಲ್ಲಿದ್ದ 49ಎ ನಮೂನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೊನೆಯ ಹೆಸರನ್ನೇ ಮೊದಲು ಕೇಳುತ್ತಿತ್ತು. ಇನಿಷಿಯಲ್ಲುಗಳನ್ನು ಬರೆಯಕೂಡದೆಂದು ಸೂಚಿಸುತ್ತಿತ್ತು.

ಗಣಕಕ್ಕೆ ಮುಂಚಿನ ಸೇವಾ ವಹಿಯ ಮೊದಲ ಪುಟವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ನೌಕರನ ಹೆಸರಿಗೆ ಒಂದು ಸಾಲು. ಅದರ ಕೆಳಗೆ ಜಾತಿ, ನಿವಾಸ. ಆಮೇಲೆ ತಂದೆಯ ಹೆಸರು ಮತ್ತು ನಿವಾಸ. ಹುಟ್ಟಿದ ದಿನಾಂಕ, ಎತ್ತರ, ದೇಹದ ಮೇಲಿನ ಗುರುತುಗಳು, ಎಡಗೈ ಬೆರಳುಗಳ ಮುದ್ರೆ. ಇದು ಬ್ರಿಟಿಷ್ ಆಡಳಿತದಿಂದ ಬಂದ ನಮೂನೆ. ನೌಕರನ ದೇಹವನ್ನೇ ಅಳೆದು ಬರೆದುಕೊಳ್ಳುವ ಅದರ ಗುಮಾನಿಯ ದೃಷ್ಟಿಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೂ ಒಂದು ಮಾತು ನಿಜ: ಅದು ಹೆಸರನ್ನು ಕತ್ತರಿಸಲಿಲ್ಲ. ಊರು, ತಂದೆ, ವ್ಯಕ್ತಿ ಈ ಮೂರನ್ನೂ ಅದು ಕೇಳಿತು, ಬೇರೆ ಬೇರೆ ಸಾಲುಗಳಲ್ಲಿ, ಅವುಗಳದೇ ಹೆಸರಿನಿಂದ ಕೇಳಿತು. ವಸಾಹತುಶಾಹಿ ಕಚೇರಿ ಮಾಡದ ಕೆಲಸವನ್ನು ಸ್ವತಂತ್ರ ಭಾರತದ ಗಣಕಗಳು ಮಾಡುತ್ತಿವೆ.

ಊರು, ತಂದೆ, ತಾನು ಎಂಬ ಈ ಕ್ರಮ ಕನ್ನಡಕ್ಕೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದಲ್ಲಿ ರೂವಾರಿಗಳು ತಮ್ಮ ಕೃತಿಗಳ ಕೆಳಗೆ ತಮ್ಮನ್ನು ದಾಖಲಿಸಿಕೊಂಡ ಬಗೆ ಸಂಶೋಧಕರಿಗೆ ಪರಿಚಿತವಾದುದು. ಚಾವಣನು ಬಳ್ಳಿಗಾವೆಯವನು, ದಾಸೋಜನ ಮಗ. ಕೆಲಸಗಾರನ ಹೆಸರಿಗೆ ಊರು ಮತ್ತು ತಂದೆ ಸೇರಿಯೇ ಗುರುತು ಪೂರ್ಣವಾಗುತ್ತಿತ್ತು. ದಾಖಲೆಯ ಇನ್ನೊಂದು ಮಾದರಿಯೂ ಇತ್ತು. 1058ರ ನಾಗಾವಿಯ ಶಾಸನ ಘಟಿಕಾಸ್ಥಾನದ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೇಳುತ್ತದೆ. ಅಲ್ಲಿ ಮುಖ್ಯವಾದುದು ಹುದ್ದೆ, ಅದಕ್ಕೆ ಬಿಟ್ಟ ಜೀವಿತ. ಹುದ್ದೆಯ ದಾಖಲೆಗೆ ಎಣಿಕೆ ಸಾಕು. ವ್ಯಕ್ತಿಯ ದಾಖಲೆಗೆ ಅವನ ನೆಲೆ ಬೇಕು ಎಂಬ ವಿವೇಕ ಇವೆರಡರ ನಡುವೆ ಕಾಣುತ್ತದೆ.

ಹೊಯ್ಸಳರ ಇನ್ನೊಂದು ನೆಲೆಯಾದ ತೊಣ್ಣೂರಿಗೆ ಬಂದರೆ ಈ ಪ್ರಶ್ನೆ ಹತ್ತಿರವಾಗುತ್ತದೆ. ಪಾಂಡವಪುರ ತಾಲೂಕಿನ ಈ ಊರು ಶಾಸನಗಳ ತೊಂಡನೂರು, ಯಾದವಪುರವೂ ಹೌದು. ಜನರ ಬಾಯಲ್ಲಿ ಕೆರೆತೊಣ್ಣೂರು. ಇಲ್ಲಿಯೂ ಸುತ್ತಣ ತಾಲೂಕುಗಳಲ್ಲಿಯೂ ಹುಟ್ಟಿದವರ ಹೆಸರುಗಳ ರಚನೆಗೆ ಸಾಕ್ಷಿ ಹುಡುಕಲು ದೂರ ಹೋಗಬೇಕಾಗಿಲ್ಲ; ಕನ್ನಡ ಸಾಹಿತ್ಯ ಚರಿತ್ರೆಯೇ ಸಾಕು. ಬಿ.ಎಂ.ಶ್ರೀ. ಎಂದರೆ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ, ಆದರೆ ಹೆಸರಿನಲ್ಲಿ ನಿಂತದ್ದು ನಾಗಮಂಗಲ ತಾಲೂಕಿನ ಬೆಳ್ಳೂರು. ಕೃಷ್ಣರಾಜಪೇಟೆ ತಾಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಮೊದಲಕ್ಷರ; ಎರಡನೆಯದು ತಂದೆ ಸುಬ್ಬರಾಯರದು. ಅದೇ ತಾಲೂಕಿನ ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರ ಹೆಸರಿನಲ್ಲಿದೆ. ಆದರೆ ಅವರ 'ಎನ್' ನರಸಿಂಹಮೂರ್ತಿ ಎಂಬ ಸ್ವಂತ ಹೆಸರಿನದೇ ಒಂದು ತುಂಡು. ತೊಣ್ಣೂರಿನ ನೆರೆಯ ಮೇಲುಕೋಟೆಯ ಪು.ತಿ.ನ. ಅವರಲ್ಲಿ ಊರೇ ಇಲ್ಲ. ಪುರೋಹಿತ ಎಂಬ ಮನೆತನದ ವೃತ್ತಿ, ತಿರುನಾರಾಯಣ ಅಯ್ಯಂಗಾರ್ ಎಂಬ ತಂದೆಯ ಹೆಸರು, ಆಮೇಲೆ ನರಸಿಂಹಾಚಾರ್.

ಸುಮಾರು ಒಂದೇ ಸೀಮೆಯ ನಾಲ್ಕು ಹೆಸರುಗಳಲ್ಲಿ ಮೊದಲಕ್ಷರಕ್ಕೆ ಎರಡು ಅರ್ಥ, ಎರಡನೆಯ ಅಕ್ಷರಕ್ಕೆ ಎರಡು ಅರ್ಥ. ಓದುವವನಿಗೆ ಇದರಿಂದ ತೊಡಕಾಗಿಲ್ಲ. ಹೆಸರಿನ ಹಿಂದಿನ ಸಂಪ್ರದಾಯ ಅವನಿಗೆ ಗೊತ್ತು. ನಾಲ್ಕರಲ್ಲಿಯೂ ಕೊನೆಗೆ ಬರುವುದು ವ್ಯಕ್ತಿಯ ಸ್ವಂತ ಹೆಸರು ಎಂಬುದೂ ಗೊತ್ತು. ತಂತ್ರಾಂಶ ಹೇಳುವುದು ಇದಕ್ಕೆ ನೇರ ವಿರುದ್ಧ: ಕೊನೆಗೆ ಬರುವುದು ಮನೆತನದ ಹೆಸರು, ಮೊದಲು ಬರುವುದು ಸ್ವಂತ ಹೆಸರು. ಅದರ ಕೈಗೆ ಸಿಕ್ಕಿದ್ದರೆ 'ಕನ್ನಡದ ಕಣ್ವ'ರಿಗೆ ಕಚೇರಿಯಿಂದ ಬರುವ ಪತ್ರ 'ಪ್ರಿಯ ಬೆಳ್ಳೂರು' ಎಂದು ಆರಂಭವಾಗುತ್ತಿತ್ತು.

ಉತ್ತರ ಕರ್ನಾಟಕದ ಕ್ರಮ ಬೇರೆ. ಹಿರೇಮಠ, ಪಾಟೀಲ, ಕಂಬಾರ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳು ಅಲ್ಲಿ ಹೆಸರಿನ ಕೊನೆಗೆ ಬರುವುದರಿಂದ ತಂತ್ರಾಂಶದ ಅಂಕಣಕ್ಕೆ ಅವು ಹೆಚ್ಚು ಕಡಿಮೆ ಹೊಂದುತ್ತವೆ. ಎಂ.ಎಂ. ಕಲಬುರ್ಗಿಯವರು 'ಕನ್ನಡ ನಾಮವಿಜ್ಞಾನ'ವನ್ನು ಬರೆದರು, ಶಂ.ಬಾ. ಜೋಶಿಯವರು 'ಎಡೆಗಳು ಹೇಳುವ ಕಂನಾಡ ಕಥೆ'ಯಲ್ಲಿ ಊರ ಹೆಸರುಗಳಿಂದ ಚರಿತ್ರೆಯನ್ನು ಹೊರತೆಗೆದರು. ಆದರೆ ಕನ್ನಡ ನಾಡಿನೊಳಗೇ ಇರುವ ಈ ಎರಡು ನಾಮಪದ್ಧತಿಗಳಲ್ಲಿ ಒಂದು ಮಾತ್ರ ಯಂತ್ರಕ್ಕೆ ಸಲ್ಲುತ್ತದೆ, ಇನ್ನೊಂದು ಸಲ್ಲುವುದಿಲ್ಲ ಎಂಬ ಇಂದಿನ ಸ್ಥಿತಿಯನ್ನು ಆ ಪರಂಪರೆ ಮುಂದುವರಿದು ಚರ್ಚಿಸಬೇಕಾಗಿದೆ.

ಮನೆತನದ ಹೆಸರಿಲ್ಲದವನು ಆ ಅಂಕಣದಲ್ಲಿ ಏನು ಬರೆಯುತ್ತಾನೆ? ಉದಾಹರಣೆಗಾಗಿ ತೊಣ್ಣೂರಿನ ನಂಜೇಗೌಡರ ಮಗ ಕೃಷ್ಣ ಎಂಬ ನೌಕರನನ್ನು ಕಲ್ಪಿಸಿಕೊಳ್ಳಬಹುದು. ಶಾಲೆಯ ದಾಖಲೆಯಲ್ಲಿ ಅವನು ಟಿ.ಎನ್. ಕೃಷ್ಣ. ಒಂದು ವ್ಯವಸ್ಥೆಯಲ್ಲಿ ತಂದೆಯ ಹೆಸರನ್ನೇ ಮನೆತನದ ಹೆಸರಾಗಿ ಕೊಟ್ಟು ಅವನು ಕೃಷ್ಣ ನಂಜೇಗೌಡನಾಗುತ್ತಾನೆ. ಇನ್ನೊಂದರಲ್ಲಿ ಇನಿಷಿಯಲ್ಲನ್ನೇ ಕೊನೆಗೆ ಹಾಕಿ ಕೃಷ್ಣ ಟಿ.ಎನ್. ಮೂರನೆಯದು ಒಂದೇ ಅಕ್ಷರವನ್ನು ಒಪ್ಪದಿದ್ದರೆ ಕೃಷ್ಣ ತೊಣ್ಣೂರು, ಇಲ್ಲವೇ ಕೃಷ್ಣ ಗೌಡ. ಏನೂ ತೋಚದ ಕಡೆ ಕೃಷ್ಣ ಕೃಷ್ಣ. ಇವೆಲ್ಲವೂ ಕಡ್ಡಾಯದ ಎದುರು ಜನ ಕಂಡುಕೊಂಡ ಉಪಾಯಗಳು. ಅಂಕಣಕ್ಕೊಂದು ಚುಕ್ಕೆ ಇಟ್ಟು ಮುಂದೆ ಹೋಗುವವರೂ ಇದ್ದಾರೆ. ವಿದೇಶಕ್ಕೆ ಹೋದವರ ಕಷ್ಟ ಇನ್ನೊಂದು ಬಗೆಯದು. ಪಾಸ್‌ಪೋರ್ಟಿನ ಉಪನಾಮದ ಅಂಕಣ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಉಪನಾಮವಾಗಿ, ಸ್ವಂತ ಹೆಸರಿನ ಜಾಗದಲ್ಲಿ 'ಮೊದಲ ಹೆಸರು ತಿಳಿಯದು' ಎಂಬರ್ಥದ ಎಫ್.ಎನ್.ಯು. ಎಂಬ ಮೂರಕ್ಷರ ಬಂದು ಕೂರುತ್ತದೆ. ಅಪ್ಪ ಅಮ್ಮ ಇಟ್ಟು, ಊರೆಲ್ಲ ಕರೆದ ಹೆಸರು ತಿಳಿಯದ ಹೆಸರಾಗುತ್ತದೆ.

ಇಲ್ಲಿ ನಗುವಿನಾಚೆಯ ಸಂಗತಿಯೊಂದಿದೆ. ಮೈಸೂರು ಸೀಮೆಯ ಇನಿಷಿಯಲ್ ಪದ್ಧತಿ ಜಾತಿಯನ್ನು ಅಳಿಸಲಿಲ್ಲ. ಅಯ್ಯಂಗಾರ್, ಗೌಡ, ಶೆಟ್ಟಿಗಳು ಹೆಸರಿಗೆ ಅಂಟಿಕೊಂಡೇ ಇದ್ದವು. ಆದರೆ ಅದನ್ನು ಬಿಟ್ಟು ನಡೆಯುವ ಅವಕಾಶವನ್ನು ಆ ಪದ್ಧತಿ ಕೊಟ್ಟಿತ್ತು. ಎರಡು ಅಕ್ಷರ, ಒಂದು ಹೆಸರು. ಅಷ್ಟರಲ್ಲಿ ಮನುಷ್ಯ ಮುಗಿಯುತ್ತಿದ್ದ. ತಂದೆ ಬಿಟ್ಟಿದ್ದ ಜಾತಿಸೂಚಕವನ್ನು ಮಗ ಅಂಕಣ ತುಂಬುವುದಕ್ಕಾಗಿ ಮತ್ತೆ ಹುಡುಕಿ ತರಬೇಕಾಗುವುದು ಸಾಮಾಜಿಕವಾಗಿ ಹಿಂದಿನ ಹೆಜ್ಜೆ. ಮಹಿಳಾ ನೌಕರರ ವಿಷಯದಲ್ಲಿ ತೊಡಕು ಇಮ್ಮಡಿ. ಓದುವಾಗ ತಂದೆಯ ಅಕ್ಷರ, ಮದುವೆಯ ಅನಂತರ ಗಂಡನ ಅಕ್ಷರ ಎಂದು ಬದಲಾದ ಹೆಸರಿನಲ್ಲಿ ಆ ಅಕ್ಷರ ಯಾರದು ಎಂಬುದನ್ನು ತಂತ್ರಾಂಶ ಕೇಳುವುದೇ ಇಲ್ಲ.

ಇನಿಷಿಯಲ್ಲನ್ನೇ ಕನ್ನಡದ ಶುದ್ಧ ಪರಂಪರೆಯೆಂದು ಎತ್ತಿಹಿಡಿಯುವುದೂ ಸರಿಯಲ್ಲ. ಊರು, ತಂದೆ, ತಾನು ಎಂಬ ಕ್ರಮ ಹಳೆಯದಾದರೂ ಅದನ್ನು ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿದ್ದು ಇಂಗ್ಲಿಷ್ ಶಾಲೆ ಮತ್ತು ಕಚೇರಿ. ನಷ್ಟ ಅಲ್ಲಿಯೇ ಶುರುವಾಗಿತ್ತು. ತೊಣ್ಣೂರು, ತೀರ್ಥಪುರ, ತಲಕಾಡು, ತುಮಕೂರು ಎಲ್ಲವೂ 'ಟಿ' ಆದವು. ತೀ.ನಂ.ಶ್ರೀ., ಪು.ತಿ.ನ., ಕುವೆಂಪು ಎಂದು ಲೇಖಕರು ಕನ್ನಡದ ಅಕ್ಷರಗಳಿಗೆ ಮರಳಿದಾಗ ಗುಣಿತಾಕ್ಷರದ ಕೃಪೆಯಿಂದ ಹೆಸರಿನ ಸ್ವರವೂ ಉಳಿಯಿತು. 'ತೀ' ಎಂದರೆ ತೀರ್ಥಪುರದ ದಾರಿ ಅರ್ಧ ಸಿಕ್ಕಿದಂತೆ. ಹೀಗಾಗಿ ಕೇಳಬೇಕಾದದ್ದು ಇನಿಷಿಯಲ್ಲನ್ನು ಉಳಿಸಿ ಎಂದಲ್ಲ. ಅದರ ಹಿಂದಿರುವ ಪೂರ್ಣ ಹೆಸರನ್ನು ಅದರ ಕ್ರಮದಲ್ಲಿಯೇ, ಕನ್ನಡದಲ್ಲಿಯೇ ಬರೆಯಲು ಜಾಗ ಕೊಡಿ ಎಂದು.

ಜಾಗ ಕೊಡಲು ತಾಂತ್ರಿಕ ಅಡ್ಡಿ ಇದೆಯೇ? ಇಲ್ಲವೆಂದೇ ಹೇಳಬೇಕು. ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿದೆ. ಎಪಿಐಗಳು ಇಂದು ಬಹುವಾಗಿ ಬಳಸುವ ಜೇಸನ್ ಎಂಬ ಬರಹರೂಪ ವ್ಯವಸ್ಥೆಗಳ ನಡುವೆ ಓಡಾಡುವಾಗ ಯುನಿಕೋಡಿನ ಯುಟಿಎಫ್-8 ಸಂಕೇತದಲ್ಲಿಯೇ ಇರಬೇಕೆಂದು 2017ರ ಮಾನಕ ವಿಧಿಸುತ್ತದೆ. ಬಳಕೆದಾರರ ದಾಖಲೆಗಳನ್ನು ವ್ಯವಸ್ಥೆಯಿಂದ ವ್ಯವಸ್ಥೆಗೆ ಸೃಷ್ಟಿಸಲೆಂದೇ 2015ರಲ್ಲಿ ಪ್ರಕಟವಾದ ಸ್ಕಿಮ್ ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಮನೆತನದ ಹೆಸರು, ಕೊಟ್ಟ ಹೆಸರು, ನಡುವಿನ ಹೆಸರು ಎಂಬ ಅಂಕಣಗಳ ಜೊತೆಗೆ ಇಡೀ ಹೆಸರನ್ನು ಬರೆಯುವಂತೆ ಬರೆಯಲು ಇನ್ನೊಂದು ಅಂಕಣವೂ ಇದೆ. ಅದು ಮನೆತನದ ಹೆಸರನ್ನು ಕಡ್ಡಾಯ ಮಾಡಿಯೇ ಇಲ್ಲ. ಅಂತರ್ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಜಗತ್ತಿನ ವ್ಯಕ್ತಿನಾಮಗಳ ಬಗ್ಗೆ ಹೊರತಂದ ಮಾರ್ಗದರ್ಶಿ, ಊರು, ತಂದೆ, ಸ್ವಂತ ಹೆಸರು ಎಂಬ ಭಾರತೀಯ ಕ್ರಮವನ್ನು ಉದಾಹರಿಸಿ, ಸಾಧ್ಯವಾದಲ್ಲೆಲ್ಲ ಹೆಸರಿಗೆ ಒಂದೇ ಅಂಕಣವಿರಲಿ ಎನ್ನುತ್ತದೆ. ಕಡ್ಡಾಯವೆಂಬುದು ಮಾನಕದ್ದಲ್ಲ, ಮಾನಕವನ್ನು ಬಳಸಿ ಸರಕು ತಯಾರಿಸಿದವರದು, ಅದನ್ನು ಪ್ರಶ್ನಿಸದೆ ಕೊಂಡುಕೊಂಡವರದು.

ಏಕರೂಪತೆ ಇಲ್ಲದಿದ್ದರೆ ವ್ಯವಸ್ಥೆಗಳು ಒಂದಕ್ಕೊಂದು ಕೂಡುವುದು ಹೇಗೆ ಎಂಬ ಆಕ್ಷೇಪಕ್ಕೆ ಉತ್ತರ ದೇಶದಲ್ಲಿಯೇ ಇದೆ. ಆಧಾರ್ ನೂರು ಕೋಟಿಗೂ ಹೆಚ್ಚು ಜನರ ಹೆಸರನ್ನು ಒಂದೇ ಅಂಕಣದಲ್ಲಿ, ಜೊತೆಗೆ ಪ್ರಾದೇಶಿಕ ಭಾಷೆಯಲ್ಲಿಯೂ ಇಟ್ಟುಕೊಂಡಿದೆ. ಆಧಾರ್‌ನ ಇತರ ಗುಣದೋಷಗಳ ಚರ್ಚೆ ಬೇರೆ. ಹೆಸರನ್ನು ತುಂಡರಿಸದೆ ದೊಡ್ಡ ದಾಖಲೆ ನಡೆಸಬಹುದೆಂಬುದಕ್ಕೆ ಅದು ಸಾಕ್ಷಿ. ಇನ್ನು, ನೌಕರನನ್ನು ಗುರುತಿಸಲು ಕೆ.ಜಿ.ಐ.ಡಿ. ಸಂಖ್ಯೆ ಇದೆಯಲ್ಲ, ಹೆಸರು ಹೇಗಿದ್ದರೇನು ಎನ್ನುವವರ ಮಾತು ತಿರುಗಿ ಅವರಿಗೇ ಸಲ್ಲುತ್ತದೆ. ಗುರುತಿನ ಭಾರವನ್ನು ಸಂಖ್ಯೆ ಹೊತ್ತಿರುವಾಗ ಹೆಸರನ್ನು ಅಂಕಣಕ್ಕೆ ತಕ್ಕಂತೆ ಕೊಯ್ಯುವ ಅಗತ್ಯವಾದರೂ ಏನು? ಸಂಖ್ಯೆ ಒಂದೇ ಆಗಿದ್ದು ಹೆಸರು ಮೂರು ಕಡೆ ಮೂರು ರೀತಿ ಇರುವ ನೌಕರ, ಬ್ಯಾಂಕು ಅಥವಾ ಪಿಂಚಣಿಯ ಹಂತದಲ್ಲಿ ತಾನೇ ಆ ಮೂವರೂ ಎಂದು ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ಅವನು ತೀರಿಕೊಂಡ ಮೇಲೆ ಆ ಕೆಲಸ ಅವನ ಹೆಂಡತಿ ಮಕ್ಕಳದು.

ಲಿಪಿಯ ಮಟ್ಟದಲ್ಲಿ ನಿಜವಾದ ತೊಡಕುಗಳು ಇಲ್ಲದಿಲ್ಲ. ಅವುಗಳ ಬಗ್ಗೆ ಕನ್ನಡ ಬಲ್ಲವರೇ ಮಾತಾಡಬೇಕು. ತೊಣ್ಣೂರು ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಅದನ್ನು ಯಂತ್ರ ಮರಳಿ ಕನ್ನಡಕ್ಕೆ ತಿರುಗಿಸಿದರೆ ಟೊನ್ನುರ್ ಎಂದೋ ಥೊನ್ನೂರ್ ಎಂದೋ ಬರುತ್ತದೆ. ತ, ಥ, ಟಗಳ ಭೇದವೂ ಣ, ನಗಳ ಭೇದವೂ ರೋಮನ್ ಲಿಪಿಯ ಆಚೆಯೇ ಉಳಿದಿರುತ್ತವೆ. ಇದು ಇಂದಿನ ಕಷ್ಟವಷ್ಟೇ ಅಲ್ಲ. ತೊಣ್ಣೂರಿನಲ್ಲಿ ಹೊಯ್ಸಳರ ಕಾಲದ ತಮಿಳು ಶಾಸನಗಳೂ ಇವೆ. ತಮಿಳು ಲಿಪಿ ತ, ದಗಳಿಗೆ ಒಂದೇ ಅಕ್ಷರವನ್ನು ಬಳಸುತ್ತದೆ. ಆದರೆ ಓದುವವನು ಊರನ್ನು ಬಲ್ಲವನಾದುದರಿಂದ ಲಿಪಿ ಬಿಟ್ಟದ್ದನ್ನು ಅವನ ತಿಳಿವಳಿಕೆ ತುಂಬುತ್ತಿತ್ತು. ಯಂತ್ರಕ್ಕೆ ಅಂಥ ತಿಳಿವಳಿಕೆ ಇಲ್ಲ. ನೇರವಾಗಿ ಕನ್ನಡದಲ್ಲಿ ಬರೆದರೂ ಎಚ್ಚರ ಬೇಕು. 'ತೊ' ಎಂಬಲ್ಲಿನ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಅವುಗಳನ್ನು ಸಮರೂಪಕ್ಕೆ ತರುವ ನಿಯಮವನ್ನು ಯುನಿಕೋಡ್ ಸಂಸ್ಥೆಯೇ ಕೊಟ್ಟಿದ್ದರೂ, ಅದನ್ನು ಅನ್ವಯಿಸದ ತಂತ್ರಾಂಶಕ್ಕೆ ಅವು ಎರಡು ಬೇರೆ ಊರುಗಳು. ಅರ್ಕಾವೊತ್ತಿನ ವಿಷಯವೂ ಹಾಗೆಯೇ. ಸೂರ್ಯ ಎಂಬ ಹೆಸರನ್ನು ಅರ್ಕಾವೊತ್ತಿನಿಂದ ಬರೆದದ್ದಕ್ಕೂ ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆದದ್ದಕ್ಕೂ ನಡುವೆ ಕಾಣದ ಸಂಕೇತವೊಂದರ ವ್ಯತ್ಯಾಸವಿದೆ, ಆ ವ್ಯತ್ಯಾಸ ಸಮರೂಪದ ನಿಯಮದಿಂದಲೂ ಹೋಗುವುದಿಲ್ಲ. ಹೆಸರು ಹೊಂದುತ್ತಿಲ್ಲವೆಂದು ಯಂತ್ರ ಹೇಳಿದರೆ ಕಾರಣವನ್ನು ಗುಮಾಸ್ತ ಕಂಡುಹಿಡಿಯಲಾರ. ಆಗ ಕನ್ನಡದಲ್ಲಿ ಹಾಕಿದ್ದೇ ತಪ್ಪು ಎಂಬ ತೀರ್ಮಾನಕ್ಕೆ ಬರುವುದು ಸುಲಭ.

ಊರಿನ ಅಂಕಣದ ಕಥೆಯನ್ನೂ ಇಲ್ಲಿ ಸೇರಿಸಬಹುದು. ಇಂದಿನ ಪಾಂಡವಪುರ ಹಿಂದೆ ಹಿರೋಡೆ, ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಹುಟ್ಟಿದವರ ಜಿಲ್ಲೆ ಮೈಸೂರು. ಸೇವಾ ವಹಿಯಲ್ಲಿ ಗುಮಾಸ್ತ ಅಂದಿನ ಹೆಸರನ್ನು ಬರೆದರೆ ಮುಗಿಯಿತು. ಆಯ್ಕೆಪಟ್ಟಿಯಿಂದಲೇ ಊರನ್ನು ಹೆಕ್ಕಬೇಕೆನ್ನುವ ತಂತ್ರಾಂಶದಲ್ಲಿ ಇಲ್ಲದ ಊರಿನಲ್ಲಿ ಯಾರೂ ಹುಟ್ಟುವಂತಿಲ್ಲ.

1963ರ ರಾಜಭಾಷಾ ಅಧಿನಿಯಮದಿಂದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದವರೆಗೆ ಆಡಳಿತದಲ್ಲಿ ಕನ್ನಡದ ಬಗೆಗಿನ ಚರ್ಚೆ ಬಹುತೇಕ ಪತ್ರ, ಆದೇಶ, ನಾಮಫಲಕಗಳ ಸುತ್ತ ನಡೆದಿದೆ. ಕಚೇರಿಯ ಬಾಗಿಲ ಮೇಲೆ ಕನ್ನಡವಿದ್ದು ಒಳಗಿನ ದಾಖಲೆಯಲ್ಲಿ ನೌಕರನ ಹೆಸರೇ ಕನ್ನಡದ ಕ್ರಮದಲ್ಲಿಲ್ಲದಿದ್ದರೆ ಅನುಷ್ಠಾನವೆಂಬ ಮಾತಿಗೆ ಅರ್ಥ ತೆಳುವಾಗುತ್ತದೆ. ಕನ್ನಡ ವಿಭಾಗಗಳೂ ಗಣಕವೆಂದರೆ ನುಡಿ, ಬರಹ, ಅಕ್ಷರ ವಿನ್ಯಾಸ ಎಂದು ತಿಳಿದು ಉಳಿದದ್ದನ್ನು ಎಂಜಿನಿಯರುಗಳಿಗೆ ಬಿಟ್ಟಿವೆ. ದಾಖಲೆಯಲ್ಲಿ ಯಾವ ಅಂಕಣಗಳಿರಬೇಕು ಎಂಬುದು ಎಂಜಿನಿಯರಿಂಗ್ ಪ್ರಶ್ನೆಯಲ್ಲ. ವ್ಯಕ್ತಿಯನ್ನು ಒಂದು ಸಮಾಜ ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಸಾಮಗ್ರಿ ಇರುವುದು ಕನ್ನಡ ವಿಭಾಗಗಳ ಬಳಿ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1977ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲೂಕುಗಳ ಶಾಸನಗಳಿವೆ. 1979ರ ಏಳನೆಯ ಸಂಪುಟದಲ್ಲಿ ನಾಗಮಂಗಲವಿದೆ. ದಾನಿಗಳು, ಸೇನಬೋವರು, ರೂವಾರಿಗಳು, ಗೌಡುಗಳ ಹೆಸರುಗಳು ಯಾವ ಯಾವ ರಚನೆಗಳಲ್ಲಿ ಬರುತ್ತವೆ ಎಂಬುದನ್ನು ಈ ಎರಡು ಸಂಪುಟಗಳಿಂದ ವರ್ಗೀಕರಿಸಿದರೆ ನಾಮರಚನೆಯ ಹಿಂದಣ ತುದಿ ಸಿಗುತ್ತದೆ. ಅದೇ ತಾಲೂಕುಗಳ ಇಂದಿನ ಮುದ್ರಿತ ಮತದಾರರ ಪಟ್ಟಿಗಳಿಂದ ಇತ್ತಣ ತುದಿ. ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗೆ ಮೀರಿದ ಕೆಲಸವೇನಲ್ಲ ಇದು. ಬೇಕಾದದ್ದು ಹೆಸರುಗಳ ರಚನೆಯೇ ಹೊರತು ವ್ಯಕ್ತಿಗಳಲ್ಲ. ಪಟ್ಟಿಯಿಂದ ಹೆಸರನ್ನು ಎತ್ತಿಕೊಂಡ ಸಂಶೋಧಕ ವಿಳಾಸ ವಯಸ್ಸುಗಳನ್ನು ಅಲ್ಲಿಯೇ ಬಿಡಬೇಕು.

ಇಂಥ ಅಧ್ಯಯನದ ಮೇಲೆ ನಿಂತ ನಮೂನೆ ತೊಣ್ಣೂರಿನ ಕೃಷ್ಣನಿಗೆ ಕೇಳುವುದು ಕೆಲವೇ ಪ್ರಶ್ನೆಗಳನ್ನು. ಪೂರ್ಣ ಹೆಸರು ಕನ್ನಡದಲ್ಲಿ, ಅವನು ಬರೆಯುವ ಕ್ರಮದಲ್ಲಿ. ಅದೇ ಹೆಸರು ಇಂಗ್ಲಿಷಿನಲ್ಲಿ, ಯಂತ್ರ ಊಹಿಸಿದಂತಲ್ಲ, ಅವನೇ ಒಪ್ಪಿದಂತೆ. ಕರೆಯಬೇಕಾದ ಹೆಸರು ಯಾವುದು. ಇನಿಷಿಯಲ್ ಇದ್ದರೆ ಒಂದೊಂದೂ ಯಾವುದರದು, ಊರಿನದೋ ತಂದೆಯದೋ ತಾಯಿಯದೋ ಮನೆತನದ್ದೋ. ಮನೆತನದ ಹೆಸರಿನ ಅಂಕಣವೂ ಇರಲಿ, ಉಳ್ಳವರು ತುಂಬಲಿ. ಹೊರಗಿನ ಯಾವುದೋ ವ್ಯವಸ್ಥೆ ಅದನ್ನು ಕೇಳಿಯೇ ತೀರುತ್ತದೆಂದಾದರೆ, ಆ ಜಾಗದಲ್ಲಿ ಏನು ಹೋಗಬೇಕೆಂಬುದನ್ನು ಸೇವೆಗೆ ಸೇರಿದ ದಿನವೇ ನೌಕರನಿಂದ ಒಮ್ಮೆ ಬರೆಸಿಕೊಂಡು, ಎಲ್ಲ ವ್ಯವಸ್ಥೆಗಳಿಗೂ ಅದನ್ನೇ ಕಳುಹಿಸಬಹುದು. ಪ್ರತಿಯೊಂದು ಕಚೇರಿಯ ಗುಮಾಸ್ತನೂ ತನಗೆ ತೋಚಿದ್ದನ್ನು ತುಂಬಬೇಕಾಗಿಲ್ಲ.